ವಿದೇಶ ವಿಹಾರ: ಖರ್ಚು ಮನೆಯದು, ವ್ಯಾಪಾರದ್ದಲ್ಲ

ಆಷಾಢದಲ್ಲಿ ಮದುವೆಗಳು ನಿಲ್ಲುವುದರಿಂದ ಬನಹಟ್ಟಿಯ ಸೀರೆ ವ್ಯಾಪಾರಕ್ಕೆ ತುಸು ಬಿಡುವು ದೊರೆಯುತ್ತದೆ. ಯುರೋಪಿನ ಬೇಸಿಗೆಯೂ ಆಗಲೇ. ಕುಟುಂಬ ಸಮೇತ ಇಟಲಿಯ ಅಮಾಲ್ಫಿ ಕರಾವಳಿಯಲ್ಲಿ ಬಾಡಿಗೆ ಕಾರಿನಲ್ಲಿ ಸಂಚರಿಸಬಯಸುವ ವ್ಯಾಪಾರಿಗೆ ಕಾಲವೇನೋ ಅನುಕೂಲಕರ. ಆದರೆ ಹಣ ಎಲ್ಲಿಂದ ಬರಬೇಕೆಂಬುದು ಹೊರಡುವ ಮುನ್ನವೇ ನಿರ್ಧಾರವಾಗಬೇಕು.

ಕುಟುಂಬದ ವಿಹಾರವು ವ್ಯಾಪಾರದ ವೆಚ್ಚವಲ್ಲ. ಅದನ್ನು ಮಾಲೀಕರ ಡ್ರಾಯಿಂಗ್ಸ್ ಖಾತೆಗೇ ಬರೆಯಬೇಕು. ದಾರಿಯಲ್ಲಿ ಒಬ್ಬ ಬಟ್ಟೆ ಖರೀದಿದಾರನನ್ನು ಕಂಡ ಮಾತ್ರಕ್ಕೆ ಇಡೀ ಪ್ರವಾಸ ವ್ಯಾವಹಾರಿಕವಾಗದು. ವಿಹಾರದ ಬಿಲ್ಲಿನ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಸಹ ದೊರೆಯದು. ವಿದೇಶ ಪ್ರಯಾಣಕ್ಕೆ ವರ್ಷದಲ್ಲಿ 2 ಲಕ್ಷ ರೂಪಾಯಿ ಮೀರಿ ವೆಚ್ಚ ಮಾಡಿದವರು, ಆದಾಯ ತೆರಿಗೆಯ ಮಿತಿಯೊಳಗಿದ್ದರೂ ರಿಟರ್ನ್ ಸಲ್ಲಿಸಲೇಬೇಕು. ಪ್ರವಾಸದ ಪ್ಯಾಕೇಜ್ ಕೊಳ್ಳುವಾಗ ಸಂಗ್ರಹವಾಗುವ ತೆರಿಗೆ ಮುಂದೆ ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆ. ಅಲ್ಲಿಯವರೆಗೆ ಆ ಮೊತ್ತ ಕೈಗೆ ಸಿಗದು.

ಉಳಿದ ಸಿದ್ಧತೆಗಳು ಸರಳ. ಕಾರು ಓಡಿಸುವವರು ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬೇಕು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಅವಶ್ಯ. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಸಲ್ಲಿಸಬಹುದು.

ನಿಜವಾದ ಅಪಾಯವಿರುವುದು ಬ್ಯಾಂಕಿನ ಕ್ಯಾಷ್ ಕ್ರೆಡಿಟ್ ಖಾತೆಯಿಂದ ವಿಹಾರಕ್ಕೆ ಹಣ ತೆಗೆಯುವುದರಲ್ಲಿ. ಆ ಭಾಗದ ಬಡ್ಡಿ ವ್ಯಾಪಾರದ ವೆಚ್ಚವೆಂದು ಮಾನ್ಯವಾಗದು. ಅದಕ್ಕಿಂತ ಮಿಗಿಲಾಗಿ, ಶ್ರಾವಣದಿಂದ ದೀಪಾವಳಿಯವರೆಗಿನ ಬೇಡಿಕೆಗೆ ನೂಲು ಕೊಂಡು ಮಾಲು ಸಿದ್ಧಪಡಿಸುವ ಕಾಲವೂ ಆಷಾಢವೇ. ಆಗ ಬಂಡವಾಳ ಕರಗಿದರೆ ಮಗ್ಗಗಳು ನಿಲ್ಲುತ್ತವೆ, ನೇಕಾರರ ಕೂಲಿ ತಡವಾಗುತ್ತದೆ. ಆದ್ದರಿಂದ ಪ್ರತಿ ತಿಂಗಳ ಲಾಭದಲ್ಲಿ ಒಂದಿಷ್ಟನ್ನು ಮನೆಯ ಉಳಿತಾಯ ಖಾತೆಗೆ ಎತ್ತಿಟ್ಟು, ಅದು ತುಂಬಿದ ವರ್ಷವೇ ಪ್ರವಾಸ ಹೊರಡುವುದು ವಿವೇಕ.