ರಕ್ತನಾಳಗಳಿಗೆ ಸೊಪ್ಪಿನ ಆಸರೆ

ಅಂಗದ ಮೇಲೆ ಲಿಂಗವನ್ನು ಧರಿಸುವ ನಾವು ಆ ಅಂಗವನ್ನು ಅಲಕ್ಷಿಸುವುದು ತರವಲ್ಲ. ಪಾಲಕ, ರಾಜಗಿರಿ ಸೊಪ್ಪುಗಳಲ್ಲಿಯೂ ಬೀಟ್‌ರೂಟಿನಲ್ಲಿಯೂ ನೈಟ್ರೇಟ್ ಎಂಬ ಅಂಶ ಹೇರಳವಾಗಿದೆ. ನಾಲಗೆಯ ಮೇಲಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ; ಅದರಿಂದ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವುಂಟಾಗಿ ರಕ್ತನಾಳಗಳು ಸಡಿಲಗೊಳ್ಳುತ್ತವೆ. ಈ ಅನಿಲವು ರಕ್ತನಾಳಗಳ ಸಂದೇಶವಾಹಕವೆಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ನೈಟ್ರೇಟ್ ಬಹಳಷ್ಟು ಅದರೊಡನೆಯೇ ಹೋಗುತ್ತದೆ. ಆ ನೀರನ್ನು ಸಾರಿಗೆ ಬಳಸುವ ನಮ್ಮ ತಾಯಂದಿರ ರೂಢಿ ಅರ್ಥಪೂರ್ಣವಾದುದು.

ಆದರೆ ಸೊಪ್ಪು ಔಷಧಿಗೆ ಬದಲಲ್ಲ. ರಕ್ತದೊತ್ತಡದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಿದವರಿಗೆ ಪಾರ್ಶ್ವವಾಯುವಿನ ಭಯವುಂಟು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ವೈದ್ಯರನ್ನು ಕೇಳದೆ ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಬದಲಿಸಬಾರದು. ಮಿತವರಿತ ಪ್ರಸಾದ, ತಪ್ಪದ ಗುಳಿಗೆ, ಬಿಡದ ಕಾಯಕ: ಇವು ಮೂರೂ ಕೂಡಿದಾಗಲೇ ಕಾಯಕ್ಕೆ ಕ್ಷೇಮ.