ನಮ್ಮ ಗುಂಡನಿಗೆ ಸೂತಕವಿಲ್ಲವಂತೆ!

ಮನೆಯಲ್ಲಿ ಒಂದು ಸಾವಾದರೆ ನಮ್ಮ ಕಡೆಯ ಊರುಗಳಲ್ಲಿ ಎಲ್ಲದಕ್ಕೂ ಒಂದು ಕ್ರಮ ಇದೆ, ನೋಡಿ. ಅವತ್ತು ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯವರು ಅನ್ನ-ಸಾರು ಕಳಿಸುತ್ತಾರೆ. ದೂರದ ನೆಂಟರು ಬಂದು ಕೈ ಹಿಡಿದುಕೊಂಡು ಕೂರುತ್ತಾರೆ. ಇಷ್ಟು ದಿನ ಅಂತ ಲೆಕ್ಕವಿದೆ. ಅತ್ತರೆ ಯಾಕೆ ಅಂತ ಯಾರೂ ಕೇಳುವುದಿಲ್ಲ, ಅಳದಿದ್ದರೇ ಕೇಳುತ್ತಾರೆ. ಆದರೆ ಮನೆಯ ನಾಯಿ ಸತ್ತರೆ? ಸೂತಕವಿಲ್ಲ, ರಜೆಯಿಲ್ಲ, ಕೈ ಹಿಡಿಯುವವರಿಲ್ಲ. ಹಿತ್ತಲಲ್ಲಿ ಮಣ್ಣು ಮುಚ್ಚಿ ಬಂದು, ತಲೆಗೆ ನೀರು ಹಾಕಿಕೊಂಡು, ಹೊತ್ತಿಗೆ ಸರಿಯಾಗಿ ಎಲ್ಲರಿಗೂ ಊಟ ಬಡಿಸಬೇಕು. ಬಡಿಸುವಾಗ ಕಣ್ಣಲ್ಲಿ ನೀರು ಬಂದರೆ ತಪ್ಪನ್ನು ಈರುಳ್ಳಿಯ ಮೇಲೆ ಹಾಕಬೇಕು.

2025ರ ಮಾಘದಲ್ಲಿ ನಮ್ಮ ಗುಂಡ ಹೋದಾಗ ಎದುರು ಮನೆಯಾಕೆ, "ಅಯ್ಯೋ ಹೋಗ್ಲಿ ಬಿಡ್ರೀ, ನಾಯಿಗೆ ಇಷ್ಟೊಂದಾ?" ಅಂದರು. ನನಗೆ ಸಿಟ್ಟೇನೂ ಬರಲಿಲ್ಲ. ಪಾಪ, ಅವರ ಮನೆಯಲ್ಲಿ ಎಂದೂ ನಾಯಿ ಇರಲಿಲ್ಲ. ಆದರೆ ಈ ಅಂಕಣಕ್ಕೆ ಬರೆಯುವ ನಿಮ್ಮಲ್ಲಿ ಕೆಲವರು, ಉಪ್ಪಿನಕಾಯಿಗೆ ಬೂಷ್ಟು ಬರದಂತೆ ಏನು ಮಾಡಬೇಕು ಅಂತ ಕೇಳಿದ ಪತ್ರದ ಕೊನೆಯಲ್ಲಿ, ನಮ್ಮ ನಾಯಿ ಹೋಯಿತು, ಮನೆ ಬಿಕೋ ಅನ್ನುತ್ತೆ ಅಂತ ಎರಡೇ ಸಾಲು ಬರೆದಿರುತ್ತೀರಿ. ಅದೂ ಮುಜುಗರಪಟ್ಟುಕೊಂಡು. ಅದಕ್ಕೇ ಈ ಸಲ ಉಪ್ಪಿನಕಾಯಿ ಪಕ್ಕಕ್ಕಿಟ್ಟು ಗುಂಡನ ಮಾತೇ ಆಡೋಣ ಅಂತಿದ್ದೇನೆ. ಆಗಬಹುದಲ್ಲ?

ಗುಂಡ ಜಾತಿ ನಾಯಿಯೇನಲ್ಲ. ಮುಧೋಳದ ನಾಯಿಗೆ 2005ರಲ್ಲಿ ಅಂಚೆ ಇಲಾಖೆಯವರು ಸ್ಟಾಂಪು ತಂದು ಗೌರವ ತೋರಿಸಿದರು. ನಮ್ಮ ಗುಂಡನ ಮುಖ ಸ್ಟಾಂಪಿಗೆ ಒಗ್ಗುವಂಥದ್ದಲ್ಲ. ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡು, ಮೈಗೆ ಹಾಲು ಕಮ್ಮಿಯಾದ ಕಾಫಿಯ ಬಣ್ಣ. 2011ರ ಆಷಾಢದ ಒಂದು ಮಳೆ ರಾತ್ರಿ ತಿಪಟೂರಿನ ನಮ್ಮ ಮನೆಯ ಜಗಲಿಯ ಮೇಲೆ, ತೆಂಗಿನ ಗರಿಗಳ ಹೊರೆಯ ಸಂದಿಯಲ್ಲಿ ಕುಂಯ್‌ಗುಡುತ್ತಾ ಸಿಕ್ಕಿದ. "ಬೆಳಗಾಗೋವರ್ಗೂ ಇರ್ಲಿ" ಅಂದರು ನಮ್ಮ ಯಜಮಾನರು. ಆ ಬೆಳಗು ಹದಿಮೂರೂವರೆ ವರ್ಷ ಆಗಲೇ ಇಲ್ಲ!

ಅವನಿಗೆ ಒಂದು ಚಾಳಿಯಿತ್ತು, ಚಪ್ಪಲಿ ಕದಿಯುವುದು. ಎಲ್ಲಾ ನಾಯಿಗಳೂ ಕದಿಯುತ್ತವೆ, ಅದರಲ್ಲೇನು ಅನ್ನುತ್ತೀರಿ. ಇವನು ಕದಿಯುತ್ತಿದ್ದದ್ದು ಎಡಗಾಲಿನದನ್ನು ಮಾತ್ರ! ಕಚ್ಚಿ ಹರಿಯುತ್ತಿರಲಿಲ್ಲ. ಬೀದಿಯ ಜಗಲಿಗಳಿಂದ ಒಂದೊಂದೇ ತಂದು ತುಳಸಿಕಟ್ಟೆಯ ಹಿಂದೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಅಂಗಡಿಯವನ ಹಾಗೆ ಕೂರುತ್ತಿದ್ದ. ಆಗ ನಾವು ಆ ಬೀದಿಗೆ ಹೊಸಬರು. ಸಂಜೆಯಾದರೆ ನಾನು ಕೈಚೀಲದ ತುಂಬ ಚಪ್ಪಲಿ ತುಂಬಿಕೊಂಡು "ಇದು ನಿಮ್ದಾ, ಸ್ವಲ್ಪ ನೋಡಿ" ಅಂತ ಮನೆಮನೆಗೆ ಹೊರಡುತ್ತಿದ್ದೆ. ಬೇರೆ ಹೆಂಗಸರು ಅರಿಶಿನ-ಕುಂಕುಮಕ್ಕೆ ಕರೆಯಲು ಹೋಗಿ ಪರಿಚಯ ಮಾಡಿಕೊಂಡರೆ ನನಗೆ ಬೀದಿಯ ಪರಿಚಯ ಆದದ್ದು ಹೀಗೆ. ಮೂಲೆಮನೆಯ ಟೀಚರಮ್ಮನವರು ಮೊದಲ ದಿನ ಬೈದರು, ಎರಡನೇ ದಿನ ನಕ್ಕರು, ನಾಲ್ಕನೇ ದಿನ ಒಳಗೆ ಕರೆದು ಕೂರಿಸಿ ಹುರುಳಿಕಾಳಿನ ಬಸ್ಸಾರು ಮಾಡುವ ಕ್ರಮ ಹೇಳಿಕೊಟ್ಟರು. ಇವತ್ತಿಗೂ ನಮ್ಮ ಮನೆಯ ಬಸ್ಸಾರು ಅವರದೇ.

ಕಾವಲಿನ ವಿಷಯ ಮಾತ್ರ ಕೇಳಬೇಡಿ. ಕಳ್ಳ ಬಂದಿದ್ದರೆ ಬಾಲ ಆಡಿಸುತ್ತಿದ್ದನೋ ಏನೋ! ಬಿಚ್ಚಿದ ಕೊಡೆ ಕಂಡರೆ ಮಾತ್ರ ಬೀದಿ ಕಿತ್ತುಹೋಗುವ ಹಾಗೆ ಬೊಗಳುತ್ತಿದ್ದ. ಮಳೆಗಾಲದಲ್ಲಿ ನಮ್ಮ ಮನೆಗೆ ಬರುವ ನೆಂಟರು ಗೇಟಿನ ಹೊರಗೇ ಕೊಡೆ ಮಡಚಿ, ನೆನೆದುಕೊಂಡೇ ಒಳಗೆ ಬರುತ್ತಿದ್ದರು.

ತಿಪಟೂರು ಅಂದರೆ ಕೊಬ್ಬರಿ, ನಿಮಗೆ ಗೊತ್ತಲ್ಲ. ನಮ್ಮ ಅಟ್ಟದ ಮೇಲೂ ಕಾಯಿ ಹಾಕಿರುತ್ತೇವೆ. ಹತ್ತು ಹನ್ನೊಂದು ತಿಂಗಳು ಹಾಗೇ ಬಿಟ್ಟರೆ ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಆ ಸದ್ದಿಗೆ ಗುಂಡ ಎಲ್ಲಿದ್ದರೂ ಓಡಿ ಬರುತ್ತಿದ್ದ. ಅಡುಗೆಗೆ ಹಸಿ ಕಾಯಿ ಒಡೆದರಂತೂ ಮುಗಿದೇ ಹೋಯಿತು. ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದವನು ಕತ್ತಿಯ ಮೊದಲನೇ ಏಟಿಗೇ ಎದ್ದು ಬಾಗಿಲಲ್ಲಿ ಹಾಜರು. ಒಂದು ಚೂರು, ಬೆರಳಿನ ಉಗುರಿನಷ್ಟು, ಅವನ ಮಾಮೂಲು. ಜಾಸ್ತಿ ಕೊಡಬಾರದು, ಕಾಯಿಯ ಜಿಡ್ಡು ನಾಯಿಯ ಹೊಟ್ಟೆಗೆ ಆಗುವುದಿಲ್ಲ. ಈ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ನಾಯಿಗೆ ಈರುಳ್ಳಿ-ಬೆಳ್ಳುಳ್ಳಿ ಹಾಕಿದ ಸಾರು ಕಲಸಬೇಡಿ, ಅದು ಅವುಗಳ ರಕ್ತವನ್ನು ಕೆಡಿಸುತ್ತದೆ. ಪಾಯಸದ ದ್ರಾಕ್ಷಿಯೂ ಬೇಡ, ಮೂತ್ರಪಿಂಡಕ್ಕೆ ಕೆಟ್ಟದ್ದು. ಚಾಕಲೇಟಂತೂ ವಿಷವೇ. ಮರಿ ತಂದ ವಾರದಲ್ಲೇ ಪಶು ಆಸ್ಪತ್ರೆಯ ಡಾಕ್ಟರು ಇದನ್ನೆಲ್ಲ ಹೇಳಿದ್ದರಿಂದ ಗುಂಡನ ಸಾರನ್ನು ಒಗ್ಗರಣೆಗೆ ಮುಂಚೆಯೇ ತೆಗೆದಿಡುವುದು ನನ್ನ ಕೈಗೆ ಅಭ್ಯಾಸವಾಗಿ ಹೋಗಿತ್ತು. ಮೂರನೇ ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಆಮೇಲೆ ಡಾಕ್ಟರು ಹೇಳಿದ ಹಾಗೆ ಪ್ರತಿ ವರ್ಷ ಹಾಕಿಸಿದೆವು. ನೀವೂ ತಪ್ಪಿಸಬೇಡಿ.

ಇನ್ನು ನಮ್ಮ ಅತ್ತೆಯವರ ವಿಚಾರಕ್ಕೆ ಬರೋಣ. ಅತ್ತೆಯವರದು ಮಡಿ ಜಾಸ್ತಿ. ಅವನು ಬಂದ ಮರುದಿನವೇ ಅಪ್ಪಣೆಯಾಯಿತು: "ನೋಡೇ, ಅದು ಹೊಸಿಲು ದಾಟಿದ್ರೆ ನಾನು ಈ ಮನೇಲಿ ನೀರು ಮುಟ್ಟಲ್ಲ." ಗುಂಡ ಆ ಮಾತನ್ನು ಜೀವನಪೂರ್ತಿ ನಡೆಸಿದ. ಆದರೆ ವಕೀಲರ ಬುದ್ಧಿ ಅವನದು. ಮೈಯೆಲ್ಲ ಹೊರಗೆ ಬಿಟ್ಟು ಗದ್ದ ಮಾತ್ರ ಹೊಸಿಲ ಮೇಲಿಟ್ಟು ಮಲಗುತ್ತಿದ್ದ. ಮೂತಿ ಒಳಗೆ, ನಾಯಿ ಹೊರಗೆ! ಅತ್ತೆಯವರು ಅದನ್ನು ಕಂಡೂ ಕಾಣದ ಹಾಗೆ, ರಂಗೋಲಿಯನ್ನು ಅವನ ಮೂತಿ ಬಿಟ್ಟು ಒಂದು ಗೇಣು ಆಚೆಗೆ ಎಳೆಯುವುದನ್ನು ಕಲಿತರು. ಸಂಜೆ ಅವರು ದೇವಸ್ಥಾನಕ್ಕೆ ಹೊರಟರೆ ಇವನು ಹತ್ತು ಮಾರು ಮುಂದೆ. ಅವರು ಒಳಗಿರುವಷ್ಟು ಹೊತ್ತೂ ಅವರ ಚಪ್ಪಲಿಯ ಪಕ್ಕ ಕೂತಿರುತ್ತಿದ್ದ. ಇಡೀ ಬೀದಿಯ ಎಡಗಾಲಿನ ಚಪ್ಪಲಿ ಹೊತ್ತವನು ಅತ್ತೆಯವರದನ್ನು ಒಂದು ದಿನ ಮುಟ್ಟಿದ್ದಿಲ್ಲ. "ಅದಕ್ಕೆ ನನ್ನ ಕಂಡ್ರೆ ಭಯ" ಅನ್ನುತ್ತಿದ್ದರು ಅವರು. ಅವರು ಹಾಗಂದಾಗ ನಾವು ಯಾರೂ ಬಾಯಿ ಬಿಡುತ್ತಿರಲಿಲ್ಲ.

2024ರ ಕಾರ್ತಿಕದಲ್ಲಿ ಅವನ ನೀರಿನ ಬಟ್ಟಲು ದಿನಕ್ಕೆ ಮೂರು ನಾಲ್ಕು ಸಲ ಖಾಲಿಯಾಗತೊಡಗಿತು. ಕುಡಿದಷ್ಟೂ ದಾಹ, ಪದೇ ಪದೇ ಮೂತ್ರ. ಬೆನ್ನಿನ ಮೂಳೆ ಕೈಗೆ ಸಿಗುತ್ತಿತ್ತು. ನಿಮ್ಮ ಮನೆಯ ವಯಸ್ಸಾದ ನಾಯಿ ಇದ್ದಕ್ಕಿದ್ದ ಹಾಗೆ ಇಷ್ಟು ನೀರು ಕುಡಿಯಲು ಶುರು ಮಾಡಿದರೆ ಸೆಖೆ ಅಂತ ಸುಮ್ಮನಿರಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಗುಂಡನದು ಮೂತ್ರಪಿಂಡದ ಕಾಯಿಲೆ. ವಯಸ್ಸಾದ ನಾಯಿಗಳಿಗೆ ಬರುವಂಥದ್ದೇ. ಒಮ್ಮೆ ಹಾಳಾದದ್ದು ಮತ್ತೆ ಸರಿಹೋಗುವುದಿಲ್ಲ, ಪಥ್ಯ ಮತ್ತು ಔಷಧಿಯಿಂದ ಕೆಲವು ದಿನ ನೆಮ್ಮದಿಯಾಗಿ ಇಡಬಹುದು ಅಂದರು ಡಾಕ್ಟರು. ಮೂರು ತಿಂಗಳು ಹಾಗೇ ನಡೆಯಿತು. ಮೆತ್ತಗೆ ಬೇಯಿಸಿದ ಅನ್ನವನ್ನು ಬೆರಳಿನಲ್ಲಿ ಹಿಸುಕಿ ಬಾಯಿಗಿಡುತ್ತಿದ್ದೆ.

ಆಮೇಲೆ ಅದೂ ವಾಂತಿಯಾಗತೊಡಗಿತು. ಡಾಕ್ಟರು ಮೆಲ್ಲಗೆ ಆ ಮಾತೆತ್ತಿದರು. ನೋವಿಲ್ಲದ ಹಾಗೆ ಮಲಗಿಸಿಬಿಡಬಹುದು, ಯೋಚನೆ ಮಾಡಿ ಹೇಳಿ ಅಂತ. ನಮ್ಮ ಯಜಮಾನರು ಗೋಡೆ ನೋಡುತ್ತಾ ಕೂತರು. ಅತ್ತೆಯವರು, "ಪ್ರಾಣ ತೆಗೆಯೋಕೆ ನಾವ್ಯಾರು?" ಅಂದರು. ಅದೂ ಸುಳ್ಳಲ್ಲ. ಬೆಂಗಳೂರಿನಿಂದ ಮಗ ಫೋನಿನಲ್ಲಿ, "ಅಮ್ಮ, ನೀನು ಹೇಳಿದ ಹಾಗೆ" ಅಂದ. ಹೊಟ್ಟೆಗೆ ಹಾಕಿದವಳು ನಾನು, ಆದ್ದರಿಂದ ಅವನ ಹೊಟ್ಟೆ ಏನು ಹೇಳುತ್ತಿದೆ ಅಂತ ತಿಳಿಯುವುದೂ ನನ್ನ ಪಾಲಿಗೇ ಬಂತು. ಇಂಥ ತೀರ್ಮಾನಗಳು ಕೊನೆಗೆ ಅಡುಗೆಮನೆಗೇ ಬಂದು ನಿಲ್ಲುತ್ತವೆ, ಏನಂತೀರಿ?

ಡಾಕ್ಟರನ್ನು ಕೇಳಿದೆ, ಯಾವಾಗ ಅಂತ ಹೇಗೆ ಗೊತ್ತಾಗತ್ತೆ ಸಾರ್? ಅವರು ಹೇಳಿದ್ದು ನಿಮಗೂ ಉಪಯೋಗಕ್ಕೆ ಬರಬಹುದು. ಅವನಿಗೆ ತುಂಬಾ ಇಷ್ಟವಾದ ಮೂರು ನಾಲ್ಕು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಅವು ಒಂದೊಂದಾಗಿ ಬಿಟ್ಟುಹೋದಾಗ ಅವನೇ ತಿಳಿಸಿದ ಹಾಗೆ ಅಂದರು. ಚಪ್ಪಲಿ ದೀಪಾವಳಿಗೆ ಮುಂಚೆಯೇ ಬಿಟ್ಟಿದ್ದ. ದೇವಸ್ಥಾನಕ್ಕೆ ಹೋಗುವುದು ಸಂಕ್ರಾಂತಿಯ ಹೊತ್ತಿಗೆ ನಿಂತಿತು. ಬಿಚ್ಚಿದ ಕೊಡೆಯನ್ನು ಮುಂದೆ ಹಿಡಿದರೂ ಸುಮ್ಮನೆ ನೋಡಿದ. ಒಂದು ಗುರುವಾರ ಚಟ್ನಿಗೆ ಕಾಯಿ ಒಡೆದೆ. ನಿಂತ ಕಿವಿ ಸ್ವಲ್ಪ ತಿರುಗಿತು, ಅಷ್ಟೇ. ಚೂರು ತೆಗೆದುಕೊಂಡು ಹೋಗಿ ಮೂತಿಯ ಹತ್ತಿರ ಇಟ್ಟೆ. ನಾನು ಬೇಜಾರು ಮಾಡಿಕೊಳ್ಳಬಾರದು ಅಂತಲೋ ಏನೋ ಒಮ್ಮೆ ನೆಕ್ಕಿ ಬಿಟ್ಟುಬಿಟ್ಟ. ಒಲೆ ಆರಿಸಿ ಡಾಕ್ಟರಿಗೆ ಫೋನು ಮಾಡಿದೆ.

ಮರುದಿನ ಬೆಳಿಗ್ಗೆ ಅವರು ಮನೆಗೇ ಬಂದರು. ಮೊದಲು ಮಂಪರು ಬರುವ ಚುಚ್ಚುಮದ್ದು. ಆಮೇಲೆ ಮುಂಗಾಲಿನ ರಕ್ತನಾಳಕ್ಕೆ ಅರಿವಳಿಕೆ ಔಷಧಿಯನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ನಿದ್ದೆ ಆಳವಾಗುತ್ತಾ ಹೋಗಿ, ಕೆಲವೇ ನಿಮಿಷದಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತಾನಾಗಿ ಮುಚ್ಚುವುದಿಲ್ಲ, ಹೆದರಬೇಡಿ ಅಂತ ಅವರು ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಮಂಪರಿನ ಮದ್ದು ಕೊಡುವ ಮುಂಚೆ, ಸ್ನಾನ ಮುಗಿಸಿ ಪೂಜೆಗೆ ಕೂತಿದ್ದ ಅತ್ತೆಯವರು ಮಡಿ ಸೀರೆಯಲ್ಲೇ ಎದ್ದು ಬಂದರು. ಯಾರನ್ನೂ ನೋಡಲಿಲ್ಲ. ಹೊಸಿಲ ಮೇಲೆ ಕೂತು ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಉದ್ಧರಣೆಯಲ್ಲಿ ಬಾಯಿಗೆ ತೀರ್ಥ ಬಿಟ್ಟು, "ಹೋಗ್ಬಾ ಕಂದ" ಅಂದರು. ಅವನು ಮುಖ ಒಳಗೆ ಮಾಡಿಕೊಂಡೇ ಹೋದ.

"ನಾಯಿಗೆ ಇಷ್ಟೊಂದಾ" ಅನ್ನುವವರಿಗೆ ತೋರಿಸಲು ಈಗ ನನ್ನ ಹತ್ತಿರ ಒಂದು ಕಲ್ಲೇ ಇದೆ! ಇತಿಹಾಸ ಓದಿದ ನಮ್ಮ ನಾದಿನಿ ಹೇಳಿದ್ದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ನಿಲ್ಲಿಸಿದ್ದ ಶಾಸನ, ಸುಮಾರು 949-50ನೇ ಇಸವಿಯದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಇಮ್ಮಡಿ ಬೂತುಗ, ಇವರಿಬ್ಬರೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಹೋರಾಡಿದ ಮಣಲೇರ ಅನ್ನುವ ವೀರನಿಗೆ ಮೆಚ್ಚುಗೆಯಾಗಿ ಏನು ಬೇಕು ಕೇಳು ಅಂದರೆ ಆತ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು! ಮುಂದೆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಅದರ ನೆನಪಿಗೆ ನಾಯಿ-ಹಂದಿ ಕಾದಾಡುವ ಚಿತ್ರ ಕೆತ್ತಿಸಿ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟಿದ್ದಾರೆ. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿಯ ಪೂಜಾರಿ ಉಣ್ಣುವಂತಿಲ್ಲ ಅಂತ ಕಟ್ಟಪ್ಪಣೆ ಬೇರೆ. ಸಾವಿರ ವರ್ಷದ ಹಿಂದೆ ಕಾಳಿಗೆ ಅಷ್ಟು ನಡೆದಿದೆ. ನಮ್ಮ ಗುಂಡ ಹಂದಿಯ ಜೊತೆ ಕಾದಾಡಿದವನಲ್ಲ ಬಿಡಿ, ಕೊಡೆಯ ಜೊತೆ ಮಾತ್ರ. ಆದರೂ ನಾನು ನಾಲ್ಕು ದಿನ ಅತ್ತರೆ ಅದೇನು ಹೆಚ್ಚಲ್ಲ. ನೀವು ಅತ್ತರೂ ಅಷ್ಟೇ.

ಹಿತ್ತಲಲ್ಲಿ ಹೂಳುವವರು ನಾಲ್ಕಡಿಯಾದರೂ ಆಳ ತೋಡಿಸಿ, ಬಾವಿಯಿಂದ ದೂರ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಬೇಡ. ಚುಚ್ಚುಮದ್ದು ಕೊಡಿಸಿದ್ದರೆ ಔಷಧಿಯ ಅಂಶ ದೇಹದಲ್ಲೇ ಇರುವುದರಿಂದ ಬೇರೆ ಪ್ರಾಣಿ ಕೆದಕದಂತೆ ಮೇಲೆ ಕಲ್ಲು ಹೇರಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ "ಮಲಗಿದಾನೆ" ಅಂತಲೋ "ಎಲ್ಲೋ ಓಡಿಹೋದ" ಅಂತಲೋ ಹೇಳಬೇಡಿ. ಮೊದಲನೆಯದಕ್ಕೆ ಮಗು ರಾತ್ರಿ ಮಲಗಲು ಹೆದರುತ್ತದೆ, ಎರಡನೆಯದಕ್ಕೆ ದಿನಾ ಗೇಟಿನಲ್ಲಿ ಕಾಯುತ್ತದೆ. ನಾದಿನಿಯ ಐದು ವರ್ಷದ ಮಗಳಿಗೆ ನಾನು ಸತ್ತುಹೋದ ಅಂತಲೇ ಹೇಳಿದೆ. ಸತ್ತರೆ ಮೈಗೆ ನೋವಾಗಲ್ಲ, ಹಸಿವಾಗಲ್ಲ, ವಾಪಸ್ಸು ಬರಲ್ಲ ಅಂದೆ. ಅವಳು ಅತ್ತು, ಆಮೇಲೆ ತನ್ನ ಎಡಗಾಲಿನ ಚಪ್ಪಲಿ ತೆಗೆದುಕೊಂಡು ಹೋಗಿ ಆ ಕಲ್ಲಿನ ಮೇಲಿಟ್ಟು ಬಂದಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಮರಿ ತರ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ತಕ್ಷಣ ತಂದರೆ ಆ ಮರಿಯನ್ನು ದಿನಕ್ಕೆ ಹತ್ತು ಸಲ ಹಳೆಯದರ ಜೊತೆ ಹೋಲಿಸಿ, ಪಾಪ, ಅದಕ್ಕೆ ಅನ್ಯಾಯ ಮಾಡುತ್ತೇವೆ ಅಂತ ನನ್ನ ಅಭಿಪ್ರಾಯ. ಈಗಲೂ ಸಾರಿಗೆ ಒಗ್ಗರಣೆ ಹಾಕುವ ಮುಂಚೆ ನನ್ನ ಕೈ ಒಂದು ಸೌಟು ಬೇರೆ ತೆಗೆದಿಟ್ಟುಬಿಡುತ್ತದೆ. ಅದು ನಿಲ್ಲಲಿ ಅಂತ ಕಾಯುತ್ತಿದ್ದೇನೆ. ಅತ್ತೆಯವರನ್ನು ಕೇಳಿದರೆ "ನಂಗೆ ಆ ರಗಳೆ ಬೇಡ" ಅನ್ನುತ್ತಾರೆ. ಮೊನ್ನೆ ಪಾತ್ರೆಯವನು ಬಂದಾಗ ನಾನು ಗುಂಡನ ಅಲ್ಯೂಮಿನಿಯಂ ಬಟ್ಟಲನ್ನು ಹಳೇ ಪಾತ್ರೆಗಳ ಜೊತೆ ಹೊರಗಿಟ್ಟಿದ್ದೆ. ತೂಕ ಹಾಕುವ ಹೊತ್ತಿಗೆ ನೋಡಿದರೆ ಅದೊಂದು ಕಾಣಲಿಲ್ಲ. ಹುಡುಕಿದರೆ ಅತ್ತೆಯವರ ಕೋಣೆಯಲ್ಲಿ, ಮಂಚದ ಕೆಳಗೆ, ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿಟ್ಟಿತ್ತು. "ಏನತ್ತೆ ಇದು?" ಅಂದೆ. "ಊದಿನಕಡ್ಡಿ ಬೂದಿ ಹಾಕೋಕೆ ಬೇಕು ಕಣೆ" ಅಂದರು.