ಲಂಡನ್ನಿನ ಬೀದಿಯಲ್ಲಿ ಕೇಳಿಸಿದ ಗುಮಟೆ

ನಮ್ಮ ಊರು ಶಂಕರನಾರಾಯಣ. ಕುಂದಾಪುರದಿಂದ ಹಾಲಾಡಿಯ ಮೇಲೆ ಸಿದ್ದಾಪುರಕ್ಕೂ ಅಲ್ಲಿಂದ ಘಟ್ಟಕ್ಕೂ ಹೋಗುವ ದಾರಿಯಲ್ಲಿದೆ. ಹರಿಹರರಿಬ್ಬರೂ ಒಂದೇ ಗರ್ಭಗುಡಿಯಲ್ಲಿ ಎರಡು ಲಿಂಗಗಳಾಗಿ ನೆಲೆಸಿರುವ ಕ್ಷೇತ್ರವೆಂದು ಪ್ರಸಿದ್ಧಿ. ಮಕರ ಸಂಕ್ರಮಣದ ಬೆನ್ನಿಗೆ ಬರುವ ಜಾತ್ರೆಯನ್ನು ಬಿಟ್ಟರೆ ಹೆಚ್ಚಿನ ಗದ್ದಲವಿಲ್ಲ. ಇಷ್ಟಲಿಂಗಧಾರಿಗಳಾದ ನಮ್ಮಂಥವರ ಮನೆಗಳು ಅಲ್ಲಿ ಬೆರಳೆಣಿಕೆಯಷ್ಟು; ಕೆಳದಿ ಅರಸರ ಕಾಲದಲ್ಲಿ ಘಟ್ಟವಿಳಿದು ಬಂದವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಂಥ ಊರಿನ, ಮಠದ ನೆರಳಿನಲ್ಲಿ ನಾಲ್ಕಕ್ಷರ ಕಲಿತ ನಮಗೆ ಅರವತ್ತು ದಾಟಿದ ಮೇಲೆ ಲಂಡನ್ನಿನ ಕಾರ್ನಿವಲ್ ನೋಡುವ ಯೋಗ ಒದಗಿತು ಎಂದರೆ ಓದುಗ ಬಂಧುಗಳು ನಕ್ಕಾರು.

2023ರ ಆಗಸ್ಟ್ ತಿಂಗಳಿನಲ್ಲಿ ಮಗಳ ಮನೆಯಲ್ಲಿದ್ದೆವು. 27ನೆಯ ತಾರೀಖು ಭಾನುವಾರ, ನಿಜ ಶ್ರಾವಣ. ಪೂಜೆ ಮುಗಿಸಿ ಎದ್ದೊಡನೆ, ಈ ದಿನ ಬಸವಣ್ಣನವರ ವಿಗ್ರಹದ ದರ್ಶನವಾಗಲೇಬೇಕೆಂದು ಅಳಿಯಂದಿರಿಗೆ ಹೇಳಿದೆವು. ಅವರು ತಲೆ ಕೆರೆದುಕೊಂಡರು. ಮಗಳೇ ಮೆಲ್ಲಗೆ ಬಾಯಿಬಿಟ್ಟಳು: "ಅಪ್ಪಯ್ಯ, ಸಂಜೆ ಖಂಡಿತ ಹೋಗುವ. ಮಧ್ಯಾಹ್ನ ಮಗನಿಗೆ ನಾಟಿಂಗ್ ಹಿಲ್ ತೋರಿಸುತ್ತೇವೆಂದು ಮಾತು ಕೊಟ್ಟಾಗಿದೆ. ನೀವು ಬೇಸರ ಮಾಡಿಕೊಳ್ಳಬಾರದು." ಶ್ರಾವಣ ಮಾಸದಲ್ಲಿ ಬೀದಿಯ ಕುಣಿತವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹತ್ತು ವರ್ಷದ ಮೊಮ್ಮಗನ ಮುಖ ನೋಡಿ ನುಂಗಿಕೊಂಡೆವು.

ಪ್ರತಿ ವರ್ಷ ಆಗಸ್ಟಿನ ಕೊನೆಯ ಸೋಮವಾರ ಅಲ್ಲಿ ಸರ್ಕಾರಿ ರಜೆ. ಆ ದಿನ ಮತ್ತು ಅದರ ಹಿಂದಿನ ಭಾನುವಾರ ಈ ಉತ್ಸವ. ಭಾನುವಾರ ಮಕ್ಕಳುಮರಿಗಳಿದ್ದವರಿಗೆ ಹೆಚ್ಚು ಅನುಕೂಲವಂತೆ. ರೈಲಿಳಿದು ನಡೆದರೆ ಇಕ್ಕೆಲದ ಅಂಗಡಿಗಳಿಗೂ ಮನೆಗಳ ಕಿಟಕಿಗಳಿಗೂ ಹಲಗೆ ಬಡಿದು ಮುಚ್ಚಿದ್ದರು. ಬೆಳಗಿನ ಬಣ್ಣದ ಪುಡಿ ಇನ್ನೂ ಜನರ ಮೈಮೇಲಿತ್ತು. ನಮ್ಮ ಹೋಳಿಯೇ ಇಲ್ಲಿಗೆ ಬಂದಿದೆಯೋ ಎನ್ನುವಂತೆ! ಮಾಂಸ ಸುಡುವ ಹೊಗೆ ಮಾತ್ರ ನಮಗೆ ಸಹಿಸಲಾಗಲಿಲ್ಲ. ಶಲ್ಯವನ್ನು ಮೂಗಿಗೆ ಹಿಡಿದೇ ನಡೆದೆವು. ಗರಿಗಳ ಕಿರೀಟ ಧರಿಸಿದ ಹೆಂಗಸರ ಉಡುಪು ನೋಡಿ ಮೊದಲು ನೆಲ ನೋಡಿದೆವು ಎಂಬುದನ್ನೂ ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ಒಂದು ನಾದ ಕೇಳಿಸಿತು. ಗಂಟೆಯೂ ಅಲ್ಲ, ಜಲತರಂಗವೂ ಅಲ್ಲ, ಎರಡರ ಮಧ್ಯದ್ದು. ಲಾರಿಯ ಮೇಲೆ ಸಾಲಾಗಿ ನಿಂತ ಮಂದಿ ಕಬ್ಬಿಣದ ಡ್ರಮ್ಮುಗಳ ತಗ್ಗಿಸಿದ ಮುಖದ ಮೇಲೆ ಕೋಲಿನಿಂದ ಬಾರಿಸುತ್ತಿದ್ದರು. ಅಳಿಯಂದಿರು ಅದರ ಚರಿತ್ರೆ ಹೇಳಿದರು. ಆಮೇಲೆ ನಾವೂ ಓದಿ ತಿಳಿದೆವು.

ಟ್ರಿನಿಡಾಡ್ ದ್ವೀಪದ ಕಬ್ಬಿನ ತೋಟಗಳಲ್ಲಿ ದುಡಿಯಲು ಆಫ್ರಿಕದಿಂದ ಹಿಡಿದು ತಂದ ಜನ 1838ರಲ್ಲಿ ಪೂರ್ಣವಾಗಿ ಬಿಡುಗಡೆಗೊಂಡರು. ಒಡೆಯರು ಆಚರಿಸುತ್ತಿದ್ದ ಕಾರ್ನಿವಲ್ಲನ್ನು ಬಿಡುಗಡೆಯಾದವರು ಬೀದಿಗೆ ತಂದು ತಮ್ಮದನ್ನಾಗಿ ಮಾಡಿಕೊಂಡರು. 1881ರಲ್ಲಿ ಪೊಲೀಸರಿಗೂ ಅವರಿಗೂ ದೊಡ್ಡ ಘರ್ಷಣೆಯಾಯಿತು. ಬಳಿಕ ಆಳುವವರು ಚರ್ಮದ ನಗಾರಿ ಬಾರಿಸುವುದಕ್ಕೇ ನಿರ್ಬಂಧ ಹಾಕಿದರು. ಜನ ಸುಮ್ಮನಾಗಲಿಲ್ಲ. ಬಿದಿರಿನ ಬೊಂಬುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ಮುಂದೆ 1930-40ರ ದಶಕಗಳಲ್ಲಿ ಡಬ್ಬಿಗಳನ್ನೂ ಎಣ್ಣೆಯ ಖಾಲಿ ಡ್ರಮ್ಮುಗಳನ್ನೂ ಬಡಿದು ತಗ್ಗಿಸಿ ಸ್ವರ ಹೊರಡಿಸಿದರು. ಆ ಕಬ್ಬಿನ ತೋಟಗಳಿಗೆ 1845ರಿಂದ 1917ರವರೆಗೆ ನಮ್ಮ ದೇಶದ ಕೂಲಿಗಳನ್ನೂ ಕರಾರಿನ ಮೇಲೆ ಹಡಗು ಹತ್ತಿಸಲಾಗಿತ್ತು ಎಂಬುದನ್ನು ನಾವು ಮರೆಯಬಾರದು.

ಲಂಡನ್ನಿಗೆ ಈ ಉತ್ಸವ ಬಂದದ್ದೂ ಸುಖದ ಕಾಲದಲ್ಲಲ್ಲ. 1958ರಲ್ಲಿ ನಾಟಿಂಗ್ ಹಿಲ್ಲಿನಲ್ಲಿ ಬಿಳಿಯರ ಗುಂಪುಗಳು ಕರಿಯರ ಮೇಲೆ ಬಿದ್ದು ಹಲ್ಲೆ ನಡೆಸಿದವು. ಟ್ರಿನಿಡಾಡಿನಲ್ಲಿ ಹುಟ್ಟಿದ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ 1959ರ ಜನವರಿಯಲ್ಲಿ ಸೇಂಟ್ ಪ್ಯಾಂಕ್ರಾಸ್ ಪುರಭವನದ ಒಳಗೆ ಒಂದು ಕಾರ್ನಿವಲ್ ನಡೆಸಿ, ಕಂಗೆಟ್ಟ ತನ್ನ ಜನರಿಗೆ ಧೈರ್ಯ ತಂದಳು. 1966ರಲ್ಲಿ ರೋನ್ ಲಾಸ್ಲೆಟ್ ಎಂಬ ಸಮಾಜಸೇವಕಿ ಓಣಿಯ ಮಕ್ಕಳಿಗಾಗಿ ಬೀದಿ ಉತ್ಸವ ಏರ್ಪಡಿಸಿದಾಗ ರಸೆಲ್ ಹೆಂಡರ್ಸನ್ ಮತ್ತು ಸಂಗಡಿಗರು ಈ ಡ್ರಮ್ಮುಗಳನ್ನು ಕೊರಳಿಗೆ ಹಾಕಿಕೊಂಡು ನಡೆದರು. ಜನ ಹಿಂದೆ ಬಂದರು. ಅಂದಿನಿಂದ ಅದು ಬೀದಿಯದು.

ಮೂರು ಗಂಟೆಗೆ ಎಲ್ಲವೂ ನಿಂತಿತು. ಕಿವಿ ಒಡೆಯುತ್ತಿದ್ದ ಧ್ವನಿವರ್ಧಕಗಳು, ಕುಣಿತ, ಸೀಟಿ, ಎಲ್ಲವೂ. ಅಲ್ಲಿಗೆ ಸಮೀಪದ ಗ್ರೆನ್‌ಫೆಲ್ ಎಂಬ 24 ಅಂತಸ್ತಿನ ವಸತಿ ಗೋಪುರ 2017ರ ಜೂನ್ 14ರಂದು ಹೊತ್ತಿ ಉರಿದು 72 ಮಂದಿ ಸತ್ತರು. ಅವರ ನೆನಪಿಗೆ 72 ಕ್ಷಣಗಳ ಮೌನ. ಲಕ್ಷಾಂತರ ಜನ ಸೇರಿದ ಬೀದಿಯಲ್ಲಿ ಒಂದು ಮಗು ಅಳುವುದು ಮಾತ್ರ ಕೇಳುತ್ತಿತ್ತು. ಮೂಗಿಗೆ ಹಿಡಿದಿದ್ದ ಶಲ್ಯ ಯಾವಾಗ ಕೈಗೆ ಬಂತೋ ತಿಳಿಯದು.

ಮೌನ ಮುಗಿದು ಡ್ರಮ್ಮು ಮತ್ತೆ ಮೊಳಗಿದಾಗ ಮೊಮ್ಮಗ ಕೇಳಿದ: "ಅಜ್ಜ, ನಿಮ್ಮ ಊರಲ್ಲಿ ಇಂಥದ್ದು ಇದೆಯಾ?"

ಇದೆ ಎಂದೆವು. ನಮ್ಮ ಕುಂದಾಪುರ ಸೀಮೆಯ ಕುಡುಬಿಯರ ಹೋಳಿ ಕುಣಿತ. ಪೋರ್ಚುಗೀಸರ ಕಾಟ ತಾಳಲಾರದೆ ಗೋವೆಯಿಂದ ಓಡಿಬಂದು ಕಾಡಂಚಿನಲ್ಲಿ ಗದ್ದೆ ಕಡಿದು ಬದುಕಿದ ಜನ. ಫಾಲ್ಗುಣದ ಹುಣ್ಣಿಮೆ ಹತ್ತಿರವಾದಂತೆ ಮುಂಡಾಸಿಗೆ ಅಬ್ಬಲಿಗೆ ಹೂವು ಸುತ್ತಿ, ಗುಮಟೆ ಬಾರಿಸುತ್ತ ಮನೆಮನೆಗೆ ಬರುತ್ತಾರೆ. ಗುಮಟೆಯೆಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆ. ಒಂದು ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡವನ್ನು ಕೊಲ್ಲುವುದು ವನ್ಯಜೀವಿ ಕಾಯಿದೆಯಂತೆ ಅಪರಾಧವಾದ ಮೇಲೆ ಆಡಿನ ಚರ್ಮ ಬಂತು. ಅದೇ ವಾದ್ಯವನ್ನು ಗೋವೆಯ ಸರ್ಕಾರ 2019ರಲ್ಲಿ ತನ್ನ ಪಾರಂಪರಿಕ ವಾದ್ಯವೆಂದು ಘೋಷಿಸಿದೆ. ಇಷ್ಟನ್ನೂ ಉತ್ಸಾಹದಿಂದ ಹೇಳಿದೆವು.

"ಅವರು ನಿಮ್ಮ ಮನೆ ಒಳಗೆ ಬರ್ತಿದ್ರಾ?" ಎಂದು ಹುಡುಗ ಕೇಳಿದ. ಅವನು ಸುಮ್ಮನೆ ಕೇಳಿದ್ದು. ನಾವು ಗದ್ದಲದಲ್ಲಿ ಕೇಳಿಸದವರಂತೆ ಮುಂದೆ ನಡೆದೆವು.

ಸಂಜೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ಥೇಮ್ಸ್ ನದಿಯ ದಂಡೆ ಹಿಡಿದೆವು. ಕೋವಿಡ್ಡಿನಲ್ಲಿ ತೀರಿಕೊಂಡವರಿಗಾಗಿ ಒಬ್ಬೊಬ್ಬರಿಗೊಂದರಂತೆ ಕೆಂಪು ಹೃದಯ ಬರೆದ ಉದ್ದನೆಯ ಗೋಡೆ ಅಲ್ಲಿದೆ. ಅದನ್ನು ದಾಟಿ ಲ್ಯಾಂಬೆತ್ ಸೇತುವೆಯ ಆಚೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮರಗಳ ನಡುವೆ ಬಸವೇಶ್ವರರ ಎದೆಮಟ್ಟದ ವಿಗ್ರಹ. ಕಲಬುರಗಿಯಿಂದ ಹೋಗಿ ಲ್ಯಾಂಬೆತ್ತಿನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ನಿಂತದ್ದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟು.

ಕೈಮುಗಿದು ನಿಂತೆವು. ಅನುಭವ ಮಂಟಪದಲ್ಲಿ ಯಾರು ಯಾರು ಒಟ್ಟಿಗೆ ಕುಳಿತಿದ್ದರೆಂದು ನೂರು ವೇದಿಕೆಗಳಲ್ಲಿ ಉಪನ್ಯಾಸ ಮಾಡಿದ್ದೇವೆ. ಆ ದಿನ ಕಣ್ಣಿಗೆ ಬಂದದ್ದು ನಮ್ಮ ಮನೆಯ ಅಂಗಳ. ನಮ್ಮ ತೀರ್ಥರೂಪರು ಜಗಲಿಯ ಮೇಲೆ, ಕುಡುಬಿಯರು ಬಿಸಿಲಲ್ಲಿ. ಕುಣಿತ ಮುಗಿದ ಮೇಲೆ ಅಕ್ಕಿ, ತೆಂಗಿನಕಾಯಿಗಳನ್ನು ಗೆರಸೆಯಲ್ಲಿಟ್ಟು ಮೆಟ್ಟಿಲ ಕೆಳಗೆ ಇಳಿಸಿ ಬರುವುದು ಬಾಲಕರಾಗಿದ್ದ ನಮ್ಮ ಕೆಲಸ. ನೀರು ಕೇಳಿದರೆ ಮೇಲಿಂದ ಬೊಗಸೆಗೆ ಹೊಯ್ಯುತ್ತಿದ್ದೆವು. ತೀರ್ಥರೂಪರು ಹೋದ ಮೇಲೂ, ಯಜಮಾನಿಕೆ ನಮ್ಮ ಕೈಗೆ ಬಂದ ಮೇಲೂ, ಆ ಗೆರಸೆ ಮೆಟ್ಟಿಲ ಕೆಳಗೇ ಉಳಿಯಿತು. ಯಾರೂ ಆಕ್ಷೇಪಿಸಲಿಲ್ಲ, ನಾವೂ ಯೋಚಿಸಲಿಲ್ಲ.

ಹುಡುಗನನ್ನು ಪಕ್ಕಕ್ಕೆ ಕರೆದು, "ಇಲ್ಲ ಮಗಾ, ಬರುತ್ತಿರಲಿಲ್ಲ. ನಾವು ಕರೆಯಲಿಲ್ಲ" ಎಂದೆವು. ಯಾಕೆ ಎಂದು ಕೇಳಿದ. ಉತ್ತರಿಸಲು ಹೋಗಿ ಮಾತು ಸಿಗಲಿಲ್ಲ. ಮಗಳು ನದಿಯ ಕಡೆ ನೋಡುತ್ತಿದ್ದಳು.

2024ರ ಮಾರ್ಚಿನಲ್ಲಿ ಹೋಳಿ ಬಂತು. ಗುಮಟೆಯ ಸದ್ದು ತೋಟದಾಚೆ ಕೇಳಿದಾಗಲೇ ಜಗಲಿಗೆ ಚಾಪೆ ಹಾಸಿ, ಬೆಲ್ಲದ ಪಾನಕ ಮಾಡಿಸಿ ಇರಿಸಿದ್ದೆವು. ಕುಣಿತವಾದ ಮೇಲೆ ಮೇಲೆ ಬನ್ನಿ ಎಂದರೆ ಹುಡುಗರು ನಗುತ್ತ ಬಂದರು. ನಮ್ಮದೇ ವಯಸ್ಸಿನ ಯಜಮಾನರೊಬ್ಬರು ಮಾತ್ರ "ಬ್ಯಾಡ ಅಯ್ಯ, ಇಲ್ಲೇ ಸಾಕು" ಎಂದು ಅಂಗಳದಲ್ಲೇ ನಿಂತರು. ಎರಡನೆಯ ಸಲ ಕರೆದೆವು. ಅವರು ಮೆಟ್ಟಿಲಿನ ಮೇಲೆ, ಅಂಚಿನಲ್ಲಿ ಕುಳಿತರು. ನಾವು ಇಳಿದು ಅದೇ ಮೆಟ್ಟಿಲ ಮೇಲೆ ಕುಳಿತೆವು. ಇಬ್ಬರಿಗೂ ಆಡಲು ಮಾತಿರಲಿಲ್ಲ. ಅವರು ಗುಮಟೆಯನ್ನು ತೊಡೆಯ ಮೇಲಿಟ್ಟು, ಚರ್ಮ ಸಡಿಲಾಗಿದೆ, ಬಿಸಿಲು ಕಾಯಿಸಬೇಕು ಎಂದರು. ಮೊಮ್ಮಗನಿಗೆ ತೋರಿಸಲೆಂದು ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ನಮ್ಮಿಬ್ಬರ ಬೆನ್ನು ಮಾತ್ರ ಬಂದಿದೆ.